ಎಡಕ್ಕೆ ಉಟ್ಟ ಮುಂಡು

ಗುರುವಾಯನಕೆರೆಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಫೋಟೋ, ಮದುವೆ, ಶಾಲೆಯ ಗ್ರೂಪ್ ಫೋಟೋ, ತೀರಿಕೊಂಡವರ ಮುಖವನ್ನು ಹಳೆಯ ಗ್ರೂಪಿನಿಂದ ಕತ್ತರಿಸಿ ದೊಡ್ಡದು ಮಾಡಿ ಕೊಡುವುದು, ಇದೇ ನನ್ನ ಹೊಟ್ಟೆಪಾಡು. ಎಷ್ಟು ಜನರ ಮೊಡವೆ ಅಳಿಸಿದ್ದೇನೋ, ಎಷ್ಟು ಬೋಳು ತಲೆಗೆ ಕಪ್ಪು ಬಳಿದಿದ್ದೇನೋ, ದೇವರೇ ಬಲ್ಲ. ಅದಕ್ಕೆಲ್ಲ ನನಗೆ ಎಳ್ಳಷ್ಟೂ ಬೇಸರವಿಲ್ಲ. ಬೇಸರವಿರುವುದು ಒಂದೇ ಒಂದು ಫೋಟೋದ ಬಗ್ಗೆ. ಅದರಲ್ಲಿ ನಾನು ಏನನ್ನೂ ಅಳಿಸಿರಲಿಲ್ಲ. ಕನ್ನಡಿಯಲ್ಲಿ ಕಾಣುವ ಹಾಗೆ ಎಡವನ್ನು ಬಲ ಮಾಡಿದೆ, ಅಷ್ಟೆ.

ಮೂಡುಬಿದಿರೆಯ ಒಬ್ಬ ಜವಳಿ ಅಂಗಡಿಯ ಧಣಿಗಳು ನನ್ನನ್ನು ಕರೆಸಿದ್ದರು. ಹಳೆಯ ಜೈನ ಮನೆತನದವರು. ಗಂಡಸರ ಬಿಳಿ ಪಂಚೆ, ಅಂದರೆ ನಮ್ಮ ಕಡೆಯ ಮುಂಡು, ಅಂಗಿ, ಶಾಲುಗಳ ಜಾಹೀರಾತಿಗೆ ಫೋಟೋ ಆಗಬೇಕಿತ್ತು. ತಮ್ಮ ಮನೆಯ ಕೆತ್ತನೆಯ ಕಂಬಗಳ ಚಾವಡಿಯಲ್ಲೇ ತೆಗೆಯಲು ಒಪ್ಪಿದ್ದರು.

"ಪರಂಪರೆ ಕಾಣ್ಬೇಕು ಮಾರಾಯ್ರೆ," ಎಂದರು. "ಬಟ್ಟೆ ಯಾರ ಅಂಗಡಿಯಲ್ಲೂ ಉಂಟು."

ನಾನು ದೊಡ್ಡ ಮನುಷ್ಯನ ಹಾಗೆ ಮಂಗಳೂರಿನಿಂದ ಇಬ್ಬರು ಮಾಡೆಲ್ ಹುಡುಗರನ್ನು ಕರೆಸಿದೆ. ಒಳ್ಳೆಯ ಎತ್ತರ, ಜಿಮ್ಮಿನಲ್ಲಿ ಕಡೆದ ಮೈ, ಗಡ್ಡಕ್ಕೆ ಎಣ್ಣೆ. ಎಲ್ಲ ಸರಿ, ಆದರೆ ಇಬ್ಬರಿಗೂ ಮುಂಡು ಉಡಲು ಬರುವುದಿಲ್ಲ! ಒಬ್ಬ ಅಂಟಿಸುವ ಪಟ್ಟಿ ಇದೆಯಾ ಎಂದು ಕೇಳಿದ. ಇನ್ನೊಬ್ಬನಿಗೆ ನಾಲ್ಕು ಸೇಫ್ಟಿ ಪಿನ್ ಹಾಕಿ ನಿಲ್ಲಿಸಿದರೆ, ಮೆಟ್ಟಿಲಿಳಿಯುವಾಗ ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡ. ಧಣಿಗಳು ಕ್ಯಾಮೆರಾದ ಹಿಂದೆ ಇಣುಕಿ, "ಇವರು ಸ್ನಾನ ಮುಗಿಸಿ ಬಂದವರ ಹಾಗೆ ಕಾಣ್ತಾರಲ್ಲ ಮಾರಾಯ್ರೆ!" ಎಂದರು. ನನಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ.

ಆಗ ನೆನಪಾದವನು ಲಾಯಿಲದ ನನ್ನ ಗೆಳೆಯ. ಬ್ಯಾರಿಗಳ, ಅಂದರೆ ನಮ್ಮ ಕರಾವಳಿಯ ಮುಸಲ್ಮಾನರ ಮನೆಯವನು, ಒಂದನೇ ಕ್ಲಾಸಿನಿಂದ ನನ್ನ ಬೆಂಚಿನವನು. ಗಲ್ಫಿನ ಒಂದು ಬಟ್ಟೆ ಅಂಗಡಿಯಲ್ಲಿ ಹದಿನೆಂಟು ವರ್ಷ ಗೊಂಬೆಗಳಿಗೆ ಕೋಟು ತೊಡಿಸುವ ಕೆಲಸ ಮಾಡಿ, ಈಗ ಊರಿಗೆ ಬಂದು ಬೆಳ್ತಂಗಡಿಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾನೆ. ಐವತ್ತು ದಾಟಿದೆ. ನೆರೆತ ಗಡ್ಡ, ನೆಟ್ಟಗಿನ ಬೆನ್ನು. ಅವನು ಮುಂಡು ಉಟ್ಟು ಪೇಟೆಯಲ್ಲಿ ನಡೆದರೆ ಹೆಣ್ಣು ಗಂಡೆನ್ನದೆ ತಿರುಗಿ ನೋಡುತ್ತಾರೆ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾಡೆಲ್ಲಾ? ನಾನಾ?" ಎಂದು ಅವನು ಚಪ್ಪಲಿಗಳ ನಡುವೆ ಕೂತು ನಕ್ಕ ನಗೆಗೆ ಪಕ್ಕದ ಅಂಗಡಿಯವರು ಹೊರಗೆ ಬಂದರು. "ನಿನಗೆ ತಲೆ ಸರಿ ಉಂಟಾ ಮಾರಾಯ? ನಾನು ಗೊಂಬೆಗೆ ಉಡಿಸಿದವ. ನಾನೇ ಗೊಂಬೆ ಆಗುದಾ?"

ಆದರೆ ಸಂಜೆ ಅವನೇ ಸ್ಟುಡಿಯೋಕ್ಕೆ ಬಂದ. ಸ್ಟೂಲು ಎಳೆದುಕೊಂಡು ಕೂತ. ಆಮೇಲೆ ಹೇಳಿದ:

"ಬಾಪನ ಒಂದು ಫೋಟೋ ಕೂಡ ಇಲ್ಲ, ಗೊತ್ತುಂಟಲ್ಲ ನಿನಗೆ. ನನ್ನನ್ನು ಈಗ ನೋಡಿದ್ರೆ ಬಾಪನನ್ನೇ ನೋಡಿದ ಹಾಗೆ ಅಂತ ಉಮ್ಮ ಹೇಳ್ತಾರೆ. ಅವರು ಉಡ್ತಿದ್ದ ಹಾಗೆ ಉಟ್ಟು ನಿಲ್ತೇನೆ. ಒಂದು ಒಳ್ಳೆ ಫೋಟೋ ತೆಗಿ. ಉಮ್ಮನಿಗೆ ಕಣ್ಣು ಇರುವಾಗಲೇ ಒಮ್ಮೆ ತೋರಿಸ್ಬೇಕು."

ಅವರಲ್ಲಿ ಅಪ್ಪನಿಗೆ ಬಾಪ, ಅಮ್ಮನಿಗೆ ಉಮ್ಮ ಎನ್ನುತ್ತಾರೆ. ಅವನ ಬಾಪ ಬಂಟ್ವಾಳ ಪೇಟೆಯಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದರು. ಫೋಟೋ ತೆಗೆಸಿಕೊಳ್ಳುವುದು ಸರಿಯಲ್ಲ ಎಂದು ನಂಬಿದ್ದವರು. ನಾವು ಒಂಬತ್ತನೇ ಕ್ಲಾಸಿನಲ್ಲಿರುವಾಗ ತೀರಿಕೊಂಡರು. ಬಸ್ಸಿನಿಂದ ಇಳಿದು, ಮುಂಡಿನ ತುದಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬರುತ್ತಿದ್ದ ಅವರ ನಡಿಗೆ ನನಗೂ ನೆನಪಿದೆ. ನನಗೂ ಅವರು ಬೆಲ್ಲದ ಮಿಠಾಯಿ ತಂದುಕೊಡುತ್ತಿದ್ದರು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ಮುಂಡು ಉಡುವಾಗ ಕೊನೆಯ ಅಂಚನ್ನು ನಾವೆಲ್ಲ ಬಲಕ್ಕೆ ತಂದು ಸಿಕ್ಕಿಸುತ್ತೇವೆ. ಬ್ಯಾರಿಗಳು ಎಡಕ್ಕೆ. ಪ್ಯಾಂಟು ಹಾಕಿ ಬೆಳೆದವರಿಗೆ ಇದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಹಳಬರಿಗೆ ಮಾತ್ರ ದೂರದಿಂದ ಬರುವವನ ಮುಖ ಕಾಣುವ ಮೊದಲೇ ಮುಂಡಿನ ಅಂಚು ಕಾಣುತ್ತಿತ್ತು.

ಫೋಟೋ ತೆಗೆದ ಬೆಳಿಗ್ಗೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಗೆಳೆಯ ಚಾವಡಿಯ ಕಂಬದ ಮರೆಗೆ ಹೋಗಿ ಒಂದೇ ನಿಮಿಷದಲ್ಲಿ ಉಟ್ಟು ಬಂದ. ಪಿನ್ನೂ ಇಲ್ಲ, ಪಟ್ಟಿಯೂ ಇಲ್ಲ. ಅಂಚನ್ನು ಎಡ ಸೊಂಟದ ಹತ್ತಿರ ಹೆಬ್ಬೆರಳಿನಿಂದ ಒತ್ತಿ ಸಿಕ್ಕಿಸಿ, "ಬಾಪ ಹೀಗೆ ಒತ್ತುದು," ಎಂದು ತೋರಿಸಿದ. ಕಂಬಕ್ಕೆ ಕೈಯಿಟ್ಟು ಅಂಗಳದ ಕಡೆ ನೋಡುತ್ತ ನಿಂತ. ಧಣಿಗಳು, "ಅಬ್ಬ! ಇದು ನೋಡಿ ಉಡುವುದು ಅಂದ್ರೆ!" ಎಂದು ತಾವೇ ಎಳನೀರು ಕೆತ್ತಿಸಿ ತಂದುಕೊಟ್ಟರು. ನಾನು ಇಡೀ ಜೀವಮಾನದಲ್ಲಿ ತೆಗೆದ ಅತ್ಯಂತ ಒಳ್ಳೆಯ ಫೋಟೋ ಅದು. ಜಂಬದಿಂದಲ್ಲ, ಸಂಕಟದಿಂದಲೇ ಹೇಳುತ್ತಿದ್ದೇನೆ.

ಮೂರು ದಿನ ಬಿಟ್ಟು ಧಣಿಗಳ ಫೋನ್ ಬಂತು. ರಸ್ತೆ ಬದಿಯ ಜಾಹೀರಾತು ಬೋರ್ಡಿನಲ್ಲಿ ಅಂಗಡಿಯ ಹೆಸರು ಎಡಗಡೆಗೆ ಬರುತ್ತದೆ, ಇವರ ಮುಖ ಬಲಕ್ಕಿದೆ, ಹೆಸರಿಗೆ ಬೆನ್ನು ಹಾಕಿ ನಿಂತ ಹಾಗಾಗುತ್ತದೆ, ಏನಾದರೂ ಮಾಡಿ ಎಂದರು. ಇದು ನಮ್ಮ ಕಸುಬಿನಲ್ಲಿ ದಿನವೂ ಇರುವುದೇ. ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಿದರೆ ಎಡ ಬಲವಾಗುತ್ತದೆ. ಒತ್ತಿದೆ.

ತಿರುಗಿತು. ಮುಖ ಹೆಸರಿನ ಕಡೆ ಬಂತು. ಅಂಗಿಯ ಜೇಬು ಬಲಕ್ಕೆ ಹೋಯಿತು, ಗುಂಡಿಯ ಪಟ್ಟಿ ಹೆಂಗಸರ ಅಂಗಿಯ ಹಾಗಾಯಿತು. ಮುಂಡಿನ ಅಂಚೂ ಬಲಕ್ಕೆ ಬಂತು.

ಗಮನಿಸಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಗಮನಿಸಿದೆ. ಒಂದು ಗಂಟೆ ಕೂತು ಜೇಬನ್ನು ಕತ್ತರಿಸಿ ಎಡಕ್ಕೆ ಅಂಟಿಸಿದೆ, ಗುಂಡಿಯ ಪಟ್ಟಿ ಸರಿಮಾಡಿದೆ, ಇಲ್ಲದಿದ್ದರೆ ನೋಡಿದವರು ನಗುತ್ತಾರಲ್ಲ. ಮುಂಡಿನ ಅಂಚಿನ ಮೇಲೆ ಮೌಸಿನ ಬಾಣದ ಗುರುತನ್ನು ತಂದು ನಿಲ್ಲಿಸಿ ಕೈ ತೆಗೆದೆ. ಇರಲಿ ಎನಿಸಿತು. ಈಗಿನ ಕಾಲ ಗೊತ್ತಲ್ಲ, ಯಾವ ಬೋರ್ಡಿನ ಕೆಳಗೆ ಯಾರು ನಿಂತು ಏನು ಹೇಳುತ್ತಾರೋ. ಹೀಗಿದ್ದರೆ ಯಾರೂ ಏನೂ ಕೇಳುವುದಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ನಿರಾಳವಾಯಿತು. ಥೂ, ನನ್ನ ಜನ್ಮಕ್ಕಿಷ್ಟು.

ಯಾರೂ ನನಗೆ ಹಾಗೆ ಮಾಡಲು ಹೇಳಿರಲಿಲ್ಲ. ಎಷ್ಟೋ ದಿನದ ಮೇಲೆ ಧಣಿಗಳಿಗೆ ಇದು ಗೊತ್ತಾದಾಗ, "ಎಡಕ್ಕೆ ಇದ್ರೆ ಎಂತ ಆಗ್ತಿತ್ತು? ಇದ್ದ ಹಾಗೆ ಬೇಕೂಂತಲೇ ಅಲ್ವಾ ಅವರನ್ನು ಕರೆಸಿದ್ದು?" ಎಂದು ನನ್ನನ್ನೇ ಕೇಳಿದರು.

ಬೋರ್ಡುಗಳು ಎದ್ದವು. ಕಲ್ಲಡ್ಕದಲ್ಲಿ ಒಂದು, ಬಂಟ್ವಾಳದಲ್ಲಿ ಒಂದು, ನಮ್ಮ ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ ಒಂದು. 'ನಮ್ಮ ಉಡುಗೆ, ನಮ್ಮ ಪರಂಪರೆ' ಎಂದು ದೊಡ್ಡ ಅಕ್ಷರ. ಗೆಳೆಯ ನನಗೆ ಸುದ್ದಿ ಕೊಡದೆ ಉಮ್ಮನನ್ನು ಆಟೋದಲ್ಲಿ ಕೂರಿಸಿ ಜಂಕ್ಷನ್ನಿಗೆ ಕರೆತಂದಿದ್ದ. ಅರ್ಧ ಗಂಟೆಯ ನಂತರ ಸ್ಟುಡಿಯೋದೊಳಗೆ ಬಂದವನ ಮುಖ ಕಪ್ಪಿಟ್ಟಿತ್ತು. ಉಮ್ಮ ಹೊರಗೆ ಆಟೋದಲ್ಲೇ ಕೂತಿದ್ದರು.

"ಉಮ್ಮ ನೋಡಿದ್ರು," ಎಂದ.

"ಎಂತ ಹೇಳಿದ್ರು?"

"ಮುಖ ಅವರದ್ದೇ, ಮುಂಡು ಅವರದ್ದಲ್ಲ ಅಂದ್ರು." ಅವನು ಕೌಂಟರಿನ ಗಾಜನ್ನೇ ನೋಡುತ್ತಿದ್ದ. "ಬೋರ್ಡಿಗೋಸ್ಕರ ಬಾಪ ಉಡುವ ಕ್ರಮ ಬಿಟ್ಟಿಯಾ, ನಾಚಿಕೆ ಆಯ್ತಾ ನಿನಗೆ, ಅಂತ ಕೇಳಿದ್ರು. ನಾನು ಎಡಕ್ಕೇ ಉಟ್ಟದ್ದಲ್ವಾ? ನೀನೇ ನೋಡಿದ್ದಿಯಲ್ಲ?"

ಹೆಸರು ಎಡಗಡೆ, ಮುಖ ಬಲಗಡೆ, ಕಂಪ್ಯೂಟರಿನಲ್ಲಿ ಇಡೀ ಫೋಟೋ ತಿರುಗುತ್ತದೆ ಎಂದು ಬಡಬಡಿಸಿದೆ. ಅವನು ಪೂರ್ತಿ ಕೇಳಿದ. ಹದಿನೆಂಟು ವರ್ಷ ಗೊಂಬೆಗಳಿಗೆ ಬಟ್ಟೆ ತೊಡಿಸಿದವನ ಕಣ್ಣು ಅವನದು.

"ಇಡೀ ಫೋಟೋ ತಿರುಗಿದ್ದಾ?" ಎಂದ. "ಮತ್ತೆ ಜೇಬು ಹೇಗೆ ಎಡದಲ್ಲೇ ಉಂಟು?"

ಅವನು ಹೋಗಿ ಆಟೋ ಹತ್ತಿದ.

ಮರುದಿನವೇ ಸರಿಯಾದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಚೌಕಟ್ಟು ಕಟ್ಟಿಸಿದೆ. ಆದರೆ ತೆಗೆದುಕೊಂಡು ಹೋಗಲು ಹದಿನೈದು ದಿನ ಮಾಡಿದೆ. ಇವತ್ತು ಮದುವೆ ಉಂಟು, ನಾಳೆ ಕರೆಂಟಿಲ್ಲ, ನಾಡಿದ್ದು ತಲೆನೋವು. ಕೊನೆಗೆ ಒಂದು ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತು ನೋಡಿ ಸ್ಕೂಟರಿನಲ್ಲಿ ಲಾಯಿಲಕ್ಕೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಉಮ್ಮ, ನಿಮ್ಮ ಮಗ ಸರಿಯಾಗಿಯೇ ಉಟ್ಟಿದ್ದ, ಬದಲಾಯಿಸಿದವನು ನಾನು. ಇಷ್ಟೇ. ಎರಡನೇ ಕ್ಲಾಸಿನ ಮಕ್ಕಳೂ ಹೇಳಬಹುದಾದ ವಾಕ್ಯ.

ಉಮ್ಮ ಜಗಲಿಯ ಕುರ್ಚಿಯಲ್ಲಿದ್ದರು. "ಬಾ ಮಗಾ, ಎಷ್ಟು ಸಪೂರ ಆಗಿದ್ದಿ! ನಿನ್ನ ಹೆಂಡತಿ ಊಟ ಕೊಡುದಿಲ್ವಾ?" ಎಂದು ನಕ್ಕರು. ಚಹಾ, ಬಿಸ್ಕತ್ತು ಬಂತು. ಗೆಳೆಯ ಬಾಗಿಲಿಗೆ ಒರಗಿ ನಿಂತಿದ್ದ. ನಾನು ಚೌಕಟ್ಟಿನ ಮೇಲಿನ ಕಾಗದ ಬಿಚ್ಚಿ ಅವರ ಮಡಿಲಲ್ಲಿಟ್ಟೆ.

ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ಫೋಟೋವನ್ನು ಬೆಳಕಿಗೆ ವಾಲಿಸಿ ಮುಖ ನೋಡಿದರು. ಬೆರಳು ಗಾಜಿನ ಮೇಲೆ ಕೆಳಗಿಳಿದು ಎಡ ಸೊಂಟದ ಹತ್ತಿರ, ಅಂಚು ಸಿಕ್ಕಿಸಿದ ಜಾಗದಲ್ಲಿ ನಿಂತಿತು. ತುಂಬ ಹೊತ್ತು ಅಲ್ಲೇ ಇತ್ತು. ಕಣ್ಣು ತುಂಬಿ ಬಂತು.

"ಹಾಂ, ಇವರೇ," ಎಂದರು. ಆಮೇಲೆ ತಲೆಯೆತ್ತಿ ಮಗನನ್ನು ನೋಡಿದರು. "ಈಗ ಸರಿಯಾಗಿ ಉಟ್ಟಿದ್ದಿ. ನಾನು ಬೈದ ಮೇಲಾದ್ರೂ ಬುದ್ಧಿ ಬಂತಲ್ಲ."

ಅದು ಬೇರೆ ಫೋಟೋ ಎಂದು ಅವರು ತಿಳಿದರು. ತಾವು ಗದರಿದ್ದಕ್ಕೆ ಮಗ ಮತ್ತೆ ಹೋಗಿ, ಮತ್ತೆ ಉಟ್ಟು, ಮತ್ತೆ ತೆಗೆಸಿಕೊಂಡ ಎಂದು. ಗೆಳೆಯ ನನ್ನ ಕಡೆ ನೋಡಿದ. ಆಮೇಲೆ ಉಮ್ಮನ ಕಡೆ ತಿರುಗಿ, "ಹೌದು ಉಮ್ಮ, ತಪ್ಪಾಯ್ತು. ಹೊಟ್ಟೆಗೆ ಹಾಕಿಕೊಳ್ಳಿ," ಎಂದ.

ಹೋದ ಮಳೆಗಾಲದಲ್ಲಿ ಉಮ್ಮ ತೀರಿಕೊಂಡರು. ಬಾಪನ ಉಡುಗೆಗೆ ಮಗ ಒಮ್ಮೆ ನಾಚಿಕೊಂಡಿದ್ದ ಎಂದು ನಂಬಿಯೇ ಹೋದರು. ಕ್ಷಮಿಸಿದ್ದರು, ನಿಜ. ಆದರೆ ಅವನು ಮಾಡದ ತಪ್ಪಿಗೆ ಸಿಕ್ಕಿದ ಕ್ಷಮೆ ಅದು. ಆ ಒಂದು ವಾಕ್ಯವನ್ನು ಇನ್ನು ಯಾರಿಗೆ ಹೇಳಿದರೂ ಪ್ರಯೋಜನವಿಲ್ಲ.

ಆ ಶುಕ್ರವಾರ ಗೆಳೆಯ ಗೇಟಿನ ತನಕ ನನ್ನ ಜೊತೆ ಬಂದ. ಸ್ಕೂಟರಿನ ಕೀಲಿ ಹಾಕುತ್ತ, ಅವನ ಮುಖ ನೋಡದೆ, "ನೀನು ಎಂತಕ್ಕೆ ತಪ್ಪಾಯ್ತು ಅಂದದ್ದು ಮಾರಾಯ?" ಎಂದು ಕೇಳಿದೆ.

ಅವನಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀನು ಹೇಳ್ತಿಯೋ ಅಂತ ಸ್ವಲ್ಪ ಹೊತ್ತು ಕಾದೆ," ಎಂದ.

ಅಷ್ಟು ಹೊತ್ತು ನಾನು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದೆ.