ಕಾರಣ ಸಿಗದೆ ‘ಬಿಕಾಜ್’ ಬರೆಯದ ಮಾರ್ತಾಂಡ

ಮಾರ್ತಾಂಡ ಮೊದಲು ನನ್ನ ಅಂಗಡಿಯಲ್ಲಿದ್ದ. ಬೆಳಗಾವಿಯ ರವಿವಾರ ಪೇಟೆಯಲ್ಲಿ ನನ್ನದು ಅಣಲೆಕಾಯಿ ವ್ಯಾಪಾರ. ಖಾನಾಪುರದ ಅಡವಿಯ ಕಾಯಿ ಕೊಂಡು, ಚರ್ಮ ಹದ ಮಾಡುವ ಮುಂಬೈ ಕಂಪನಿಗೆ ಕಳಿಸುವುದು. ಕಂಪನಿಯವರು ಇಂಗ್ಲಿಷಿನಲ್ಲಿ ಬೇಡುತ್ತಿದ್ದರು, ಇಂಗ್ಲಿಷಿನಲ್ಲಿಯೇ ಬೈಯುತ್ತಿದ್ದರು. ಎರಡಕ್ಕೂ ಉತ್ತರ ಬರೆಯಲು ಒಬ್ಬ ಬೇಕಾಗಿತ್ತು. ಮಾರ್ತಾಂಡ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಗಣಿತಕ್ಕೆ ಸೋತು ಇಂಗ್ಲಿಷಿಗೆ ಗೆದ್ದವನು. ಗಣಿತ ನನ್ನ ಹತ್ತಿರ ಬೇಕಾದಷ್ಟಿತ್ತು. ಜೋಡಿ ಸರಿಹೋಯಿತು ಎಂದುಕೊಂಡೆ.

೧೯೨೪ರ ಮಳೆಗಾಲ. ದರ ಏರಲಿ ಎಂದು ನಾನು ಮಾಲು ಕಳಿಸದೆ ಕುಳಿತಿದ್ದೆ. ಮುಂಬೈಯಿಂದ ತಗಾದೆ ಬಂತು.

“ರೈಲು ತಡಾ ಆತು, ಅದಕ್ಕ ಮಾಲು ಬರಲಿಲ್ಲ ಅಂತ ಬರಿ” ಎಂದೆ.

“ರೈಲು ತಡಾ ಆಗೇತಿ, ಖರೇರಿ. ಮಾಲು ಹೋಗಿಲ್ಲ, ಅದೂ ಖರೇ. ಆದ್ರ ನಡುವ ಬಿಕಾಜ್ ಕುಂದ್ರಂಗಿಲ್ಲರಿ ಸಾವಕಾರ್ರ.”

“ಯಾಕ ಕುಂದ್ರಂಗಿಲ್ಲ? ಹಿಡದು ಕುಂದರಸು.”

“ಮಾಲು ಗೋದಾಮಿನ್ಯಾಗ ಐತಲ್ರಿ.”

ಎರಡು ವಾಕ್ಯ ಬೇರೆ ಬೇರೆ ಬರೆದು, ನಡುವೆ ಒಂದು ಚುಕ್ಕೆ ಇಟ್ಟು ಕಳಿಸಿದ. ಮುಂಬೈಯವರು ಶಾಣ್ಯಾರು, ಚುಕ್ಕೆಯನ್ನೇ ಓದಿಕೊಂಡರು. ತಿಂಗಳ ಕೊನೆಗೆ ನಾನು ಮಾರ್ತಾಂಡನ ಪಗಾರ ಚುಕ್ತಾ ಮಾಡಿ, ಖಾನಾಪುರದ ಹವೆ ಬಹಳ ಒಳ್ಳೆಯದು ಎಂದು ತಿಳಿಸಿ ಹೇಳಿದೆ.

ಆತ ಸಿಟ್ಟಾಗಲಿಲ್ಲ. ಖಾನಾಪುರಕ್ಕೆ ಹೋಗಿ ಮಾಮಲೇದಾರ ಕಚೇರಿಯ ಎದುರು ಒಂದು ಕಟ್ಟೆ ಹಿಡಿದು, ಅರ್ಜಿ ಬರೆಯುವ ಕೆಲಸಕ್ಕೆ ಕುಳಿತ. ಮಾಮಲೇದಾರರಿಗೆ ಮರಾಠಿ ಸಾಕು. ಅಡವಿ ಇಲಾಖೆಯ ಬಿಳಿ ಸಾಹೇಬನಿಗೆ ಮಾತ್ರ ಇಂಗ್ಲಿಷ್ ಬೇಕು. ಮಾರ್ತಾಂಡನ ಹೆಂಡತಿ ಕುಮುದಿನಿಬಾಯಿ, ಕೆಲಸ ಬಿಡಿಸಿದ್ದಕ್ಕೆ ನನಗೆ ಎಂದೂ ಶಾಪ ಹಾಕಲಿಲ್ಲ. ಆಕೆಗೆ ಅದಕ್ಕಿಂತ ದೊಡ್ಡ ಕಷ್ಟವಿತ್ತು. ಕಟ್ಟಿಗೆ ಹಸಿ ಇತ್ತು, ಅದಕ್ಕೆ ಅಡಿಗೆ ತಡವಾಯಿತು ಎಂದರೆ, ಗಂಡ ಹಿತ್ತಲಿಗೆ ಹೋಗಿ ಕಟ್ಟಿಗೆ ಮುಟ್ಟಿ ನೋಡಿ ಬರುತ್ತಿದ್ದ.

ಅದೇ ಸಾಲಿನಲ್ಲಿ ಅವಧೂತ ಎಂಬ ಇನ್ನೊಬ್ಬ ಬರವಣಿಗೆಯವನಿದ್ದ. ಖಾನಾಪುರದ ರಿವಾಜು ಏನೆಂದರೆ, ಅರ್ಜಿ ಬರೆದಾದ ಮೇಲೆ ಗಟ್ಟಿಯಾಗಿ ಓದಿ ತೋರಿಸಬೇಕು. ಇಂಗ್ಲಿಷಿನ ಗಂಧವಿಲ್ಲದ ಹತ್ತು ಮಂದಿ ಸುತ್ತ ಕುಳಿತು, ತಲೆ ಅಲ್ಲಾಡಿಸಿ, ಅರ್ಜಿ ಗೆಲ್ಲುತ್ತದೋ ಇಲ್ಲವೋ ಹೇಳುತ್ತಿದ್ದರು. ಅವಧೂತನ ಅರ್ಜಿಯಲ್ಲಿ ಸಾಲಿಗೊಂದು ‘ದೇರ್‌ಫೋರ್’, ಎರಡು ಸಾಲಿಗೊಂದು ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಗುಡುಗುತ್ತಿತ್ತು. ಯಾವುದರಿಂದ ಯಾವುದು ಆಯಿತು ಎಂದು ಕೇಳುವವರಿಲ್ಲ. ಕಾರಣಗಳೂ ಆತನ ಹತ್ತಿರ ಹೊಲಿದು ಇಟ್ಟ ಅಂಗಿಗಳಂತೆ ಸಿದ್ಧವಿದ್ದವು: ಮಗಳ ಹೆರಿಗೆ, ಮಾವನ ಸಾವು, ಹಾವು ಕಡಿತ. ಯಾರಿಗೆ ಯಾವುದು ಹಿಡಿಸುತ್ತದೋ ಅದನ್ನು ತೊಡಿಸಿ ಕಳಿಸುತ್ತಿದ್ದ.

ಒಂದು ದೀಪಾವಳಿಯ ಮುಂದೆ ನಾನು ಕಾಯಿಯ ಗುತ್ತಿಗೆ ಮಾತಾಡಲು ಖಾನಾಪುರಕ್ಕೆ ಹೋಗಿದ್ದೆ. ಸಾಹೇಬನ ಮುಕ್ಕಾಮು ಅಲ್ಲಿಯೇ ಇತ್ತು. ಮಾರ್ತಾಂಡನ ಕಟ್ಟೆಯ ಮೇಲೆ ಕುಳಿತಿದ್ದಾಗ ಅಡವಿಯ ಅಂಚಿನ ಗುಂಜಿ ಹಳ್ಳಿಯ ಮಾಯಕ್ಕ ಬಂದಳು. ಆಕೆಯ ಗಬ್ಬದ ಎಮ್ಮೆಯನ್ನು ಅಡವಿಯ ಗಾರ್ಡ್ ಹಿಡಿದು ಹಿಡಿದ ದನ ಕೂಡುವ ಕೊಂಡವಾಡಕ್ಕೆ ಹೊಡೆದಿದ್ದ. ಹೊಡೆದದ್ದಲ್ಲದೆ, ಇದು ಬೀಡಾಡಿ ದನ, ಮಾಲಕರು ಯಾರೋ ಗೊತ್ತಿಲ್ಲ ಎಂದು ಬರೆಸಿದ್ದ. ಶನಿವಾರ ಲಿಲಾವು, ಹೆಚ್ಚು ಕೂಗಿದವರ ಪಾಲು. ಮನೆಯಲ್ಲಿ ಇದ್ದದ್ದು ಅದೊಂದೇ ಎಮ್ಮೆ. ಅವಧೂತ ಅಂದು ಊರಲ್ಲಿರಲಿಲ್ಲ, ಹಾಗಾಗಿ ಈ ಕಟ್ಟೆಗೆ ಬಂದಿದ್ದಳು.

“ಎಮ್ಮಿ ಅಡವಿಗೆ ಯಾಕ ಹೋತು ಮಾಯಕ್ಕಾ?” ಎಂದ ಮಾರ್ತಾಂಡ.

“ಮಗಳು ಬ್ಯಾನಿ ತಿನ್ನಾಕತ್ತಿದ್ಲರಿ ರಾಯರ.” ಸೆರಗು ಕಣ್ಣಿಗೆ ಹೋಯಿತು.

“ಮಗಳು ಎಲ್ಲಿದ್ಲು?”

“ಗಂಡನ ಮನ್ಯಾಗ. ಹಳಿಯಾಳದಾಗ.”

“ನೀ ಹಳಿಯಾಳಕ್ಕ ಹೋಗಿದ್ದೇನು?”

“ಇಲ್ರಿ. ಗುಂಜ್ಯಾಗ ಇದ್ದೆ.”

“ಹಂಗಾರ ಆಕಿ ಬ್ಯಾನಿಗೂ ಎಮ್ಮಿ ಮೇಯೂದಕ್ಕೂ ಏನ್ ಸಂಬಂಧ?”

“ಸಂಬಂಧ ನೀವು ಹಚ್ರಿ. ಮತ್ತ್ಯಾಕ ಬಂದೇನಿ ನಿಮ್ಮ ಕಡೆ? ಅವಧೂತಪ್ಪಾರು ಕೇಳದ ಹಚ್ಚಿ ಕೊಡ್ತಾರ.”

ನಾನು ನಡುವೆ ಬಾಯಿ ಹಾಕಿ, “ಹಚ್ಚಿ ಬಿಡೋ, ಎಮ್ಮಿ ಏನು ನಿನ್ನ ಮ್ಯಾಲೆ ಫಿರ್ಯಾದಿ ಮಾಡತೈತೇನು?” ಎಂದೆ. ಮಾರ್ತಾಂಡ ಟಾಕಿನ ಮಸಿ ಒರೆಸಿ ಅದನ್ನು ಕೆಳಗಿಟ್ಟ. ಬರೆಯುವುದಿಲ್ಲ ಎಂದಲ್ಲ. ಬಿಕಾಜ್‌ನ ಮುಂದೆ ಇಡಲು ಏನಾದರೂ ಸಿಗುವ ತನಕ ಕೇಳುತ್ತಲೇ ಇರುತ್ತಾನೆ ಎಂದು.

ಕೇಳಿದ. ಎಮ್ಮೆ ತಾನಾಗಿ ಹೋಯಿತೋ, ನೀನು ಹೊಡೆದೆಯೋ? ನಾನೇ ಹೊಡೆದೆ. ಸರಕಾರಿ ಅಡವಿಯ ಗಡಿಕಲ್ಲು ಕಾಣಲಿಲ್ಲವೋ? ಕಂಡೇ ಕಾಣುತ್ತದೆ, ಅದರ ಮೇಲೆಯೇ ಕುಳಿತು ಎಲೆ ಅಡಿಕೆ ಹಾಕುತ್ತೇನೆ. ಮೊದಲ ಸಲವೋ? ಅತ್ತೆಯ ಕಾಲದಿಂದ ಅಲ್ಲೇ ಮೇಯಿಸುವುದು. ಗಾರ್ಡ್ ಹೊಸಬನೋ? ಹಳಬನೇ.

“ಇಷ್ಟ ವರ್ಷ ಹಿಡೀದಾಂವ ಈಗ್ಯಾಕ ಹಿಡದ?”

“ಅದನ್ನ ಅವನ್ನ ಕೇಳ್ರಿ. ಸ್ವಾಮಾರಕ್ಕೊಮ್ಮೆ ಹಾಲು ಒಯ್ದು ಕೊಡತಿದ್ದೆ, ಚಲೋ ಮಾತಾಡಸ್ತಿದ್ದ. ದಸರಾಕ್ಕ ಎಮ್ಮಿ ಹಾಲು ಬತ್ತಿತು.”

“ಹಾಲಿನ ಸುದ್ದಿ ಮೊದಲ ಯಾಕ ಹೇಳಲಿಲ್ಲ?”

“ಅದೇನ್ ಕಾರಣೇನ್ರಿ?” ಎಂದಳು ಮಾಯಕ್ಕ. ಗುಂಜಿಯಲ್ಲಿ ಗಾರ್ಡಿಗೆ ಹಾಲು ಕೊಡುವುದೆಂದರೆ ಬಾಗಿಲಿಗೆ ನೀರು ಹಾಕಿದ ಹಾಗೆ. ಅದನ್ನು ಯಾರಾದರೂ ಸಾಹೇಬನ ಮುಂದೆ ಹೇಳುತ್ತಾರೆಯೇ? ಅತ್ತರೆ ಹೆರಿಗೆಗೆ ಅಳಬೇಕು, ಸಾವಿಗೆ ಅಳಬೇಕು.

ಮಾರ್ತಾಂಡ ಬರೆದ. ಈಗ ಬಿಕಾಜ್ ಸಿಕ್ಕಿತು ಎಂದು ನಾನು ಕತ್ತು ಚಾಚಿ ನೋಡಿದರೆ, ಅದು ಎಲ್ಲಿಯೂ ಇಲ್ಲ. “ಗಡಿಕಲ್ಲು ಗೊತ್ತಿದ್ದಾಗ್ಯೂ ನಾನು ಎಮ್ಮೆಯನ್ನು ಒಳಗೆ ಹೊಡೆದೆ. ದಸರೆಯ ತನಕ ಗಾರ್ಡ್ ಸೋಮವಾರಕ್ಕೊಮ್ಮೆ ಈ ಎಮ್ಮೆಯ ಹಾಲು ತೆಗೆದುಕೊಂಡನು. ದಸರೆಯ ನಂತರ ಎಮ್ಮೆ ಹಾಲು ಕೊಡಲಿಲ್ಲ. ಅದರ ನಂತರ, ಎಮ್ಮೆ ಯಾರದೆಂದು ಗಾರ್ಡಿಗೆ ಗೊತ್ತಿಲ್ಲ.” ಇಷ್ಟೇ. ಒಂದು ‘ಆಲ್‌ದೋ’, ಎರಡು ‘ಆಫ್ಟರ್’.

“ಬಿಕಾಜ್ ಎಲ್ಲಿ?” ಎಂದೆ.

“ಗಾರ್ಡಿನ ಮನಸಿನ್ಯಾಗ ಏನಿತ್ತು, ನಾ ಕಂಡಿಲ್ಲರಿ. ಮೊದಲು ಯಾವುದು, ಆಮ್ಯಾಲೆ ಯಾವುದು, ಅಷ್ಟು ಗೊತ್ತೈತಿ.”

ಓದಿ ತೋರಿಸಿದಾಗ ಸುತ್ತಲಿನವರು ಮುಖ ಗಂಟಿಕ್ಕಿದರು. ಗುಡುಗೂ ಇಲ್ಲ, ಮಿಂಚೂ ಇಲ್ಲ. “ಎಮ್ಮಿ ಹೋತು ಬಿಡು ಯಕ್ಕಾ” ಎಂದು ಒಬ್ಬ ಅಲ್ಲೇ ತೀರ್ಪು ಕೊಟ್ಟ. ಮಾಯಕ್ಕ ಅವಧೂತನ ಖಾಲಿ ಕಟ್ಟೆಯ ಕಡೆ ಒಮ್ಮೆ ನೋಡಿ ಹೆಬ್ಬೆಟ್ಟು ಒತ್ತಿದಳು.

ಮರುದಿನ ಬಂಗಲೆಯ ಮುಂದೆ ಸಾಹೇಬ ಅರ್ಜಿ ಓದಿದ. ನಾನು ಗುತ್ತಿಗೆಗಾಗಿ ಬಾಜು ನಿಂತಿದ್ದೆ. ಓದಿ ಮುಗಿಸಿದವನು ಮತ್ತೆ ಮೇಲಿನಿಂದ ಓದಿದ. ಆ ವರ್ಷ ಗುಂಜಿಯ ಕಡೆಯಿಂದ ಬಂದ ಅರ್ಜಿಗಳೊಳಗಿನ ಹೆರಿಗೆಗಳ ಲೆಕ್ಕದಲ್ಲಿ ಅಷ್ಟು ಹೊತ್ತಿಗೆ ಆ ಸೀಮೆಯಲ್ಲಿ ಕಾಲಿಡಲು ಜಾಗ ಇರಬಾರದಾಗಿತ್ತು. ಹೆರಿಗೆ ಇಲ್ಲದ ಅರ್ಜಿ ಆತನಿಗೆ ಹೊಸದು. ಗಾರ್ಡನ್ನು ಕರೆಸಿ, ಈ ಹೆಂಗಸನ್ನು ಬಲ್ಲೆಯಾ ಎಂದು ಕಾರಕೂನನ ಬಾಯಿಂದ ಕೇಳಿಸಿದ.

“ಇಲ್ರಿ. ಎಂದೂ ಕಂಡಿಲ್ಲ” ಎಂದ ಗಾರ್ಡ್.

ಮಾಯಕ್ಕ “ನನ್ನ ಮಗಳು...” ಎಂದು ರೂಢಿಯಂತೆ ಶುರುಮಾಡಿದಳು. ಮಾರ್ತಾಂಡ ಕೆಮ್ಮಿದ. ಆಕೆ ಮಗಳನ್ನು ಅಲ್ಲೇ ಬಿಟ್ಟು ಗಾರ್ಡಿನ ಕಡೆ ತಿರುಗಿದಳು.

“ಎಂದೂ ಕಂಡಿಲ್ಲೇನೋ ಯಪ್ಪಾ? ಹಂಗಾರ ಹಾಲು ತಂದ ನನ್ನ ಹಿತ್ತಾಳಿ ಚರಿಗಿ ನಿಮ್ಮ ಮನ್ಯಾಗ ಯಾಕ ಐತಿ?”

“ಏ, ಅದನ್ನ ಅವತ್ತ ತಿರುಗಿ ಕೊಟ್ಟೇನಲ್ಲಬೇ” ಎಂದ ಗಾರ್ಡ್, ನ್ಯಾಯವಾದ ಸಿಟ್ಟಿನಿಂದ.

ಕಾರಕೂನ ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಸಾಹೇಬ ಟಾಕು ತೆಗೆದುಕೊಂಡು ಅರ್ಜಿಯ ಅಂಚಿಗೆ ಒಂದು ಸಾಲು ಬರೆದ. ಬಿಕಾಜ್ ಅದರಲ್ಲಿತ್ತು. ಎಮ್ಮೆ ಶುಕ್ರವಾರವೇ ಬಿಡುಗಡೆಯಾಯಿತು. ಕಲ್ಲು ದಾಟಿಸಿದ್ದಕ್ಕೆ ಮಾಯಕ್ಕನ ಮೇಲೆ ದಂಡ ಬಿತ್ತು. ಆಲ್‌ದೋ ಬರೆದ ಮೇಲೆ ಅದು ಬೀಳಲೇಬೇಕು. ಆಕೆ ದಂಡ ತುಂಬಿ, ಎಮ್ಮೆಯ ಮೈಮೇಲೆ ಕೈಯಾಡಿಸುತ್ತ ಗುಂಜಿಯ ದಾರಿ ಹಿಡಿದಳು.

ಕಷ್ಟ ಶುರುವಾದದ್ದು ಆಮೇಲೆ. ಹಳೆಯ ಗಾರ್ಡಿಗೆ ಬೇರೆ ಕಡೆ ವರ್ಗವಾಗಿ, ಆತನ ಜಾಗಕ್ಕೆ ಹಾಲು ಕುಡಿಯದ ಗಾರ್ಡ್ ಬಂದ. ಮೊಸರೂ ಮುಟ್ಟುವುದಿಲ್ಲ, ಕೋಳಿಯೂ ಬೇಡ. ಗುಂಜಿಯ ಒಂದು ದನವೂ ಕಲ್ಲು ದಾಟುವಂತಿಲ್ಲ. ಮಾಯಕ್ಕ ಕಂಡವರ ಬದುವಿನಲ್ಲಿ ಹುಲ್ಲು ಕೊಯ್ದು ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಎಮ್ಮೆ ಮಾತ್ರ ತನ್ನ ಕೊಟ್ಟಿಗೆಯಲ್ಲಿಯೇ ಈಯಿತು. ಗುಂಜಿಯ ಉಳಿದವರೆಲ್ಲ ಮಾರ್ತಾಂಡನ ಕಟ್ಟೆಯ ಮುಂದೆಯೇ ಹಾದು, ಅವಧೂತನ ಹತ್ತಿರ ಹೋಗಿ ಕೂರತೊಡಗಿದರು.

ಮುಂದಿನ ಸಲ ಹೋದಾಗ ಮಾರ್ತಾಂಡ ಒಬ್ಬನೇ ಕುಳಿತಿದ್ದ. ಟಾಕಿನ ಮಸಿ ಒಣಗಿತ್ತು.

“ಗುಂಜಿ ಮಂದಿ ನಿನ್ನ ಬಿಟ್ಟು ಹೋದ್ರಂತಲ್ಲೋ” ಎಂದೆ.

“ಹೋದ್ರರಿ.”

“ಮಾಯಕ್ಕನ ಅರ್ಜಿ ಬರದ್ಯಲ್ಲ, ಅದಕ್ಕ ಹೋದ್ರು.”

ಆತ ಟಾಕಿನ ಒಣಗಿದ ಮಸಿಯನ್ನು ಉಗುರಿನಿಂದ ಕೆರೆದ. “ಅರ್ಜಿ ಬರದ ಮ್ಯಾಲೆ ಹೋದ್ರು, ಅದು ಖರೇ” ಎಂದ. “ಅದಕ್ಕ ಹೋದ್ರು ಅನ್ನಾಕ, ಒಬ್ಬರನ್ನರೆ ಕೇಳಬೇಕಲ್ರಿ ಸಾವಕಾರ್ರ.”