ಮೊದಲ ಬೋರ್ಡಿನ ಕುರ್ಚಿ

ರಾಷ್ಟ್ರೀಯ ತಂಡ ಚೆಸ್ ಲೀಗಿನ ನಮ್ಮ ಕೊನೆಯ ಪಂದ್ಯ ಬಸವನಗುಡಿಯ ಒಂದು ಛತ್ರದಲ್ಲಿತ್ತು. ತಂಡಕ್ಕೆ ನಾಲ್ಕು ಬೋರ್ಡು. ಎಲ್ಲರಿಗಿಂತ ಚೆನ್ನಾಗಿ ಆಡುವವರು ಮೊದಲನೆಯದಕ್ಕೆ. ಅದು ನನ್ನ ಅಣ್ಣನ ಜಾಗ. ಅವನು ತೀರಿಕೊಂಡು ತಿಂಗಳಾಗಿತ್ತು, ಬದಲಿ ಆಟಗಾರರಿರಲಿಲ್ಲ. ಎರಡು ಅಂಕ ಬಂದರೆ ಲೀಗಿನಲ್ಲಿ ಉಳಿಯುತ್ತೇವೆ, ಇಲ್ಲದಿದ್ದರೆ ಕೆಳಗಿನ ದರ್ಜೆಗೆ ಇಳಿಯುತ್ತೇವೆ.

"ನಿಮ್ಮಣ್ಣನ ಕುರ್ಚೀಲಿ ಯಾರೂ ಕೂರೋದು ಬೇಡ ಮೇಷ್ಟ್ರೇ. ಒಂದು ಅಂಕ ಹೋದ್ರೆ ಹೋಗ್ಲಿ," ಎಂದ ನಾಯಕ ಬಸವರಾಜು. ನಾನು ಒಪ್ಪಿದೆ.

ತೀರ್ಪುಗಾರ್ತಿ ಒಪ್ಪಲಿಲ್ಲ. "ಮೇಲಿನ ಬೋರ್ಡ್ ಖಾಲಿ ಬಿಡೋ ಹಾಗಿಲ್ಲ ಸಾರ್. ಒಬ್ರು ಇಲ್ಲಾಂದ್ರೆ ಉಳಿದೋರು ಒಂದೊಂದು ಮೇಲಕ್ಕೆ ಬರ್ಬೇಕು. ಖಾಲಿ ಇರೋದು ಕೊನೇದೇ."

"ಅವ್ರು ತೀರ್ಕೊಂಡಿದಾರಮ್ಮ," ಎಂದ ಬಸವರಾಜು.

ಆಕೆ ಕೈಲಿದ್ದ ಪಟ್ಟಿ ಕೆಳಗಿಟ್ಟಳು. "ನಂಗೂ ಬೇಜಾರೇ ಸಾರ್. ಆದ್ರೆ ಬಿಟ್ರೆ, ನಾಳೆ ಎಲ್ರೂ ಬಲವಾದ ಆಟಗಾರನ ಮುಂದೆ ಖಾಲಿ ಕುರ್ಚಿ ಇಟ್ಟು ತಪ್ಪಿಸ್ಕೋತಾರೆ."

ಎರಡನೇ ಬೋರ್ಡಿನಲ್ಲಿ ಆಡುತ್ತಿದ್ದ ನಾನು ಅಣ್ಣನ ಕುರ್ಚಿಯಲ್ಲಿ ಕೂತೆ. ಎದುರಿಗಿದ್ದ ಮೈಸೂರಿನವರು ಕೈಕುಲುಕಿ, "ನಿಮ್ಮಣ್ಣ ನನ್ನ ಎರಡು ಸಲ ಸೋಲಿಸಿದ್ರು," ಎಂದರು. ಆ ಎರಡನ್ನೂ ಸೇರಿಸಿ ನನ್ನ ಮೇಲೆ ತೀರಿಸಿಕೊಂಡರು.

ಕೊನೆಯ ಬೋರ್ಡಿನಲ್ಲಿ ಯಾರೂ ಇಲ್ಲದ ಕುರ್ಚಿಯ ಗಡಿಯಾರ ಓಡುತ್ತಲೇ ಇತ್ತು. ಬಸವರಾಜುವೂ ಇನ್ನೊಬ್ಬರೂ ಗೆದ್ದರು. ಎರಡಕ್ಕೆ ಎರಡು, ನಾವು ಉಳಿದೆವು. ಸೋತದ್ದು ನಾನು ಮತ್ತು ಆ ಖಾಲಿ ಕುರ್ಚಿ.

ಒಂದು ಸಲವಾದರೂ ಮೊದಲ ಬೋರ್ಡು ಕೊಡು ಎಂದು ಅಣ್ಣನನ್ನು ವರ್ಷಗಟ್ಟಲೆ ಪೀಡಿಸಿದ್ದೆ. ಅವನು ಯಾಕೆ ಕೊಡುತ್ತಿರಲಿಲ್ಲ ಎಂಬುದು ಈಗ ಇಡೀ ತಂಡಕ್ಕೆ ಗೊತ್ತಾಗಿದೆ.