ಹಾಯಿದೋಣಿಗಳ ಒಲೆಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಂದರಿನ ಕಟ್ಟೆಗೆ ಕಟ್ಟಿದ ಪುಟ್ಟ ಹಾಯಿದೋಣಿಯೊಂದರ ಒಳಗೆ, ಎದ್ದು ನಿಂತರೆ ತಲೆ ತಾಗುವಂಥ ಅಡುಗೆ ಮೂಲೆಯಲ್ಲಿ, ಆಕೆ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲೊಂದು ಸವೆದ ಬ್ರಷ್ಷು, ಪಕ್ಕದಲ್ಲಿ ಸೋಪಿನ ನೀರು. ಗ್ಯಾಸ್ ಪೈಪು ಒಲೆಗೆ ಸೇರುವ ಕಡೆ ನೊರೆ ಬಳಿದು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಒಂದು ಗುಳ್ಳೆ ಮೆಲ್ಲಗೆ ಉಬ್ಬುತ್ತದೆ. ಅದರ ಬೆನ್ನಿಗೇ ಇನ್ನೊಂದು.

ಸಿಲಿಂಡರಿನ ವಾಲ್ವ್ ಮುಚ್ಚಿ, ಹೊರಗೆ ತಲೆ ಹಾಕಿ, ಕಟ್ಟೆಯ ಮೇಲೆ ಕಾಯುತ್ತಿರುವ ದಂಪತಿಗೆ ಹೇಳುತ್ತಾರೆ: “ಈಗ ಹೊರಡೋ ಹಾಗಿಲ್ಲ. ಪೈಪು ಬದಲಾಯಿಸ್ಬೇಕು.”

ಗಂಡನ ಮುಖ ಗಂಟಾಗುತ್ತದೆ. “ಗಾಳಿ ಚೆನ್ನಾಗಿದೆ ಅಕ್ಕ. ಚೂರುಪಾರು ಸೋರಿದ್ರೆ ಏನಾಗುತ್ತೆ?”

“ಮನೇಲಾದ್ರೆ ಬಾಗಿಲ ಸಂದೀಲಿ ಆಚೆ ಹೋಗ್ಬಹುದಪ್ಪ. ದೋಣಿ ಅಂದ್ರೆ ಬೋಗುಣಿ ಇದ್ದ ಹಾಗೆ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದ್ದೆಲ್ಲ ತಳಕ್ಕಿಳಿದು ಕೂತ್ಕೊಳ್ಳುತ್ತೆ. ಆಮೇಲೆ ನೀವು ಕಾಫಿಗೆ ಅಂತ ಕಡ್ಡಿ ಗೀರ್ತೀರ...”

“ಸಾಕು ಅಕ್ಕ, ಬದಲಾಯಿಸಿ,” ಎಂದು ಹೆಂಡತಿ ಕಟ್ಟೆಯ ಮೇಲೇ ಗಂಟುಮೂಟೆ ಇಳಿಸುತ್ತಾಳೆ.

ಸಣ್ಣ ಹಾಯಿದೋಣಿಗಳಿಗೆ ತಕ್ಕ ಒಲೆ ಆಯ್ದುಕೊಡುವುದು, ಕೂರಿಸುವುದು, ರಿಪೇರಿ ಮಾಡುವುದು ಆಕೆಯ ಕಸುಬು. ಬಂದರಿನವರಿಗೆಲ್ಲ ಆಕೆ ಒಲೆಯಕ್ಕ. ಮೊದಲು ಬಾಡಿಗೆ ದೋಣಿಯೊಂದರಲ್ಲಿ ಅಡುಗೆಯವರಾಗಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ, ಹೊರಗೆ ಅಲುಗಾಡುವ ಅಡುಗೆಮನೆ. ಆ ದೋಣಿಯ ಒಲೆಯನ್ನು ಹಲಗೆಗೆ ಬಿಗಿದು ಕೂರಿಸಿದ್ದರು. ಒಮ್ಮೆ ಅಲೆಯೊಂದು ದೋಣಿಯನ್ನು ವಾಲಿಸಿದಾಗ ಕುದಿಯುವ ನೀರು ಮುಂಗೈ ಮೇಲೆ ಸುರಿಯಿತು. ಆ ಕಲೆ ಈಗಲೂ ಇದೆ.

ಅದಕ್ಕಿಂತ ದೊಡ್ಡ ಗಂಡಾಂತರ ಬಂದದ್ದು ಆಮೇಲೆ. ಅಂದು ನೆಗಡಿಯಿಂದ ಆಕೆಯ ಮೂಗು ಕಟ್ಟಿತ್ತು. ಬೆಂಚಿನ ಕೆಳಗಿಟ್ಟಿದ್ದ ಸಿಲಿಂಡರು ಸೋರುತ್ತಿದ್ದದ್ದು ಗೊತ್ತೇ ಆಗಿರಲಿಲ್ಲ. ಕಡ್ಡಿಪೆಟ್ಟಿಗೆ ತೆರೆದಿದ್ದರು. ಹೊಲಿದ ಹಾಯಿ ಕೊಡಲು ಬಂದ ವಯಸ್ಸಾದ ದರ್ಜಿಯೊಬ್ಬರು ಬಾಗಿಲಲ್ಲೇ ವಾಸನೆ ಹಿಡಿದು “ಗೀರ್ಬೇಡ!” ಎಂದು ಅರಚಿ, ಪೆಟ್ಟಿಗೆ ಕಿತ್ತು ನೀರಿಗೆಸೆದರು. ಆಕೆಯನ್ನು ಹೊರಗೆಳೆದು, ಕಿಟಕಿ ಬಾಗಿಲೆಲ್ಲ ತೆರೆದು, ಬಕೆಟ್ಟಿನಲ್ಲಿ ನೀರು ಮೊಗೆಯುವ ಹಾಗೆ ತಳದಲ್ಲಿದ್ದ ಗ್ಯಾಸನ್ನು ಮೊಗೆಮೊಗೆದು ಆಚೆ ಚೆಲ್ಲಿದರು.

“ಬರಿ ಬಕೆಟ್ಟು ಚೆಲ್ತಿದ್ದಾರೆ, ಇವರಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ,” ಎಂದು ಆಕೆ ನಗುತ್ತಾರೆ. ಮರುಕ್ಷಣವೇ ಕಣ್ಣೊರೆಸಿಕೊಳ್ಳುತ್ತಾರೆ. “ಅವತ್ತಿಂದ ಬದುಕಿದ್ದೆಲ್ಲ ಆ ತಾತ ಕೊಟ್ಟಿದ್ದು.”

ಆಮೇಲೆ ಒಲೆ ರಿಪೇರಿ ಅಂಗಡಿಯಲ್ಲಿ ಕೂತು ಕಸುಬು ಕಲಿತರು. ಹೆಂಗಸು ಸ್ಪ್ಯಾನರ್ ಹಿಡಿಯುತ್ತಾಳಂತೆ ಎಂದು ಆಡಿಕೊಂಡವರಿದ್ದರು. ಆಗ ಎಲ್ಲರೆದುರು ತಮ್ಮ ದೋಣಿಯ ಒಲೆ ಬಿಚ್ಚಲು ಕೊಟ್ಟವರೂ ಆ ದರ್ಜಿ ತಾತನೇ.

ಒಲೆ ಕೊಳ್ಳಲು ಬಂದವರನ್ನು ಆಕೆ ಮೊದಲು ಕೇಳುವುದು, ಅಡುಗೆ ಯಾರು ಮಾಡುತ್ತಾರೆ ಎಂದು. ದೂರ ಹೋಗುವವರಿಗೆ ತೊಟ್ಟಿಲಿನಂತೆ ತೂಗುವ ಒಲೆ. ದೋಣಿ ವಾಲಿದರೂ ಪಾತ್ರೆ ನೆಟ್ಟಗಿರುತ್ತದೆ. ಪಾತ್ರೆ ಜಾರದಂತೆ ಸುತ್ತ ಕಂಬಿ. ಸಿಲಿಂಡರಿಗೆ ದೋಣಿಯ ಮೇಲ್ಗಡೆ ಬೇರೆಯೇ ಪೆಟ್ಟಿಗೆ, ಸೋರಿದ ಗ್ಯಾಸು ಸೀದಾ ಹೊರಗೆ ಹೋಗಲು ಅದರ ತಳದಲ್ಲೊಂದು ಕೊಳವೆ. ಗ್ಯಾಸಿನ ಬದಲು ಸ್ಪಿರಿಟ್ ಹುಯ್ದು ಉರಿಸುವ ಸ್ಪಿರಿಟ್ ಒಲೆ ಒಯ್ಯುವವರಿಗೆ ಬುದ್ಧಿಮಾತು ಬೇರೆ: “ಬಿಸಿಲಲ್ಲಿ ಇದರ ಉರಿ ಕಣ್ಣಿಗೆ ಕಾಣಲ್ಲ. ಆರಿದೆ ಅಂತ ಸ್ಪಿರಿಟ್ ಹುಯ್ಯೋಕೆ ಹೋಗ್ಬೇಡಿ, ಪೂರ್ತಿ ತಣ್ಣಗಾಗ್ಲಿ. ಯಾವ ಒಲೆಯಾದ್ರೂ ಕಿಟಕಿ ತೆಗೆದಿಡಿ, ಇಲ್ದಿದ್ರೆ ಉಸಿರು ಕಟ್ಟುತ್ತೆ. ಚಳಿ ಅಂತ ಹಚ್ಕೊಂಡು ಮಲಗಿಬಿಟ್ಟೀರ, ಹುಷಾರು!”

ಕಳೆದ ವರ್ಷ ಜ್ವರ ಬಂದು ಹೋದ ಮೇಲೆ ತಾತನಿಗೆ ವಾಸನೆಯೇ ತಿಳಿಯುತ್ತಿಲ್ಲ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಆಕೆ ಹೋಗಿ ಅವರ ದೋಣಿಯ ಗ್ಯಾಸ್ ಒಲೆ ಕಿತ್ತು, ಸ್ಪಿರಿಟ್ ಒಲೆ ಕೂರಿಸಿದರು. ತಾತ ಮುಖ ಊದಿಸಿಕೊಂಡರು.

“ನನ್ನ ದೋಣಿ, ನನ್ನ ಒಲೆ. ಇವಳದೇನು ದರ್ಬಾರು?”

“ನಿಮ್ಮ ಮೂಗಿನಿಂದ ನಾನು ಉಳ್ಕೊಂಡೆ ತಾತ. ಈಗ ಅದು ಕೆಲಸ ಬಿಟ್ಟಿದೆ. ಗ್ಯಾಸು ಸೋರಿದ್ರೆ ನಿಮಗೆ ಯಾರು ಹೇಳ್ತಾರೆ?”

ಮಾರನೆಯ ದಿನ ತಾತ ಆಕೆಯ ಹರಿದ ಕೈಚೀಲವನ್ನು ತಾವಾಗೇ ಎತ್ತಿಕೊಂಡು, ಹಾಯಿಬಟ್ಟೆಯ ತೇಪೆ ಹಾಕಿ ಹೊಲಿದುಕೊಟ್ಟರು.

ಹೊತ್ತೇರುವಷ್ಟರಲ್ಲಿ ಹೊಸ ಪೈಪು ಕೂತಿದೆ. ನೊರೆಯಲ್ಲಿ ಗುಳ್ಳೆ ಏಳುತ್ತಿಲ್ಲ. ಬೆಳಿಗ್ಗೆ ಮುಖ ಗಂಟು ಹಾಕಿಕೊಂಡಿದ್ದ ಗಂಡನೇ ಹಗ್ಗ ಬಿಚ್ಚುತ್ತಾ ಕೈಮುಗಿಯುತ್ತಾನೆ. “ಕೈ ಮುಗಿಯೋದಾದ್ರೆ ಆ ತಾತನಿಗೆ ಮುಗೀರಿ,” ಎಂದು ಆಕೆ ಪಕ್ಕದ ದೋಣಿ ತೋರಿಸುತ್ತಾರೆ. ಅಲ್ಲಿ ತಾತ ಹಾಯಿ ಹರವಿಕೊಂಡು ಹೊಲಿಯುತ್ತಿದ್ದಾರೆ.

ದಂಪತಿ ಹೊರಟ ಮೇಲೆ ಆಕೆ ತಾತನ ದೋಣಿ ಹತ್ತಿ ಕೂರುತ್ತಾರೆ. ಏನಾದರೂ ಆಸೆ ಉಂಟೇ ಎಂದರೆ ಆಕೆಗೆ ಸಂಕೋಚ. “ಇಷ್ಟೊಂದು ದೋಣೀಲಿ ಒಲೆ ಹಚ್ಚಿದೀನಿ, ಒಂದ್ರಲ್ಲೂ ಆರಾಮಾಗಿ ಕೂತು ಉಂಡಿಲ್ಲ. ಯಾರಾದ್ರೂ ಬೇಯಿಸಿ ಕೊಡ್ಬೇಕು, ನಾನು ಮೇಲೆ ಗಾಳೀಲಿ ಕೂತು ತಿನ್ಬೇಕು. ಅಷ್ಟೇ.”

ತಾತ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎದ್ದು ಒಳಗಿಳಿಯುತ್ತಾರೆ. ಪಾತ್ರೆಗಳ ಸದ್ದು. ಬಹಳ ಹೊತ್ತಿನ ಮೇಲೆ ತಟ್ಟೆಯೊಂದು ಮೇಲೆ ಬರುತ್ತದೆ, ಅದರ ಹಿಂದೆ ತಾತ. ಹುರಿದ ಆಲೂಗಡ್ಡೆ, ಮೊಟ್ಟೆ. “ಕಣ್ಣಂದಾಜಿನ ಅಡುಗೆ. ಬೈಬೇಡ.”

ಆಕೆ ಏಳಹೋಗುತ್ತಾರೆ. “ಒಲೆ ಆರಿಸಿದ್ರಾ?”

“ಆರಿಸಿದೀನಿ, ಕೂತ್ಕೋ ಮಗಳೇ.”

ಆಕೆ ಕಾಲು ಚಾಚಿ ಕೂರುತ್ತಾರೆ. ಆಲೂಗಡ್ಡೆ ಸೀದುಹೋಗಿದೆ. ತಟ್ಟೆ ಖಾಲಿ ಮಾಡಿ, ಮುಂದೆ ಚಾಚುತ್ತಾರೆ.

“ಇನ್ನೊಂಚೂರು ಇದ್ಯಾ ತಾತ?”